ಮ್ಯಾನೇಜ್ ಮಾಡಿದ ಮಧ್ಯಾಹ್ನ

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ಒಂದು ಇಂಗ್ಲಿಷ್ ಪದವನ್ನು ನನ್ನ ತಲೆಗೆ ಕಟ್ಟಿದರೆ, ಕೆಲಸ ಶುರುಮಾಡುವ ಮೊದಲು ಅದರ ಜಾತಕ ನೋಡುತ್ತೇನೆ. ಬಣಕಲ್ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ನಾನು ರೈಟರು. ಬರೆಯುವುದು ಮಾತ್ರ ಆಳುಗಳ ಹಾಜರಿ. ಕಳೆದ ಜನವರಿಯಲ್ಲಿ ನಮ್ಮ ಸಾಹುಕಾರರು ಮದುವೆಯೊಂದಕ್ಕೆ ಹೊರಟವರು ಜೀಪಿನಿಂದ ತಲೆ ಹೊರಹಾಕಿ, “ಪಾರ್ಚ್‌ಮೆಂಟ್ ಕಣದಲ್ಲಿದೆ ರೈಟ್ರೇ, ಮೂರು ದಿನ ನೀವೇ ಮ್ಯಾನೇಜ್ ಮಾಡಿ” ಎಂದುಬಿಟ್ಟರು. ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಹಾಕಿದ ಕಾಫಿ. ಅದರ ಮೇಲೆ ಒಂದು ಮಳೆ ಬಿದ್ದರೂ ವಾಸನೆ ಹಿಡಿದು ವರ್ಷದ ಫಸಲಿನ ಮಾನ ಹೋಗುತ್ತದೆ.

ನಾನು ಕಣಕ್ಕೆ ಹೋಗುವ ಬದಲು ನಿಘಂಟಿಗೆ ಹೋದೆ. ಈ ಮ್ಯಾನೇಜ್ ಎಂಬುದು ಲ್ಯಾಟಿನ್ನಿನ ‘ಕೈ’ಯಿಂದ ಹುಟ್ಟಿ, ಇಟಲಿಯಲ್ಲಿ ಕುದುರೆ ಪಳಗಿಸುವ ಕೆಲಸಕ್ಕೆ ಸೇರಿ, ಇಂಗ್ಲೆಂಡಿಗೆ ಬಂದಮೇಲೆ ಮನುಷ್ಯರ ಮೇಲೂ ಸವಾರಿ ಶುರುಮಾಡಿತಂತೆ. ನಮ್ಮೂರು ಮುಟ್ಟುವಷ್ಟರಲ್ಲಿ ಅದಕ್ಕೆ ಸುಸ್ತಾಗಿದೆ. ಸಕ್ಕರೆ ಮುಗಿದರೂ, ಬಸ್ಸು ಬರದಿದ್ದರೂ, ಅಳಿಯ ಕುಡಿದು ಬಂದರೂ ಮ್ಯಾನೇಜ್ ಮಾಡುವುದೇ. ನನಗೇನೋ ಕುದುರೆಯ ಅರ್ಥವೇ ಹಿಡಿಸಿತು. ಲಗಾಮು ಕೈಗೆ ಬಂದ ಖುಷಿಯಲ್ಲಿ ಮೊದಲ ಸುಧಾರಣೆಯನ್ನೂ ಮಾಡಿದೆ. ಕಣದ ಅಂಚಿನಲ್ಲಿ ಅಡ್ಡಾದಿಡ್ಡಿ ಬಿದ್ದಿರುತ್ತಿದ್ದ ಟಾರ್ಪಾಲುಗಳನ್ನು ನೀಟಾಗಿ ಮಡಿಸಿ, ಗೋದಾಮಿಗೆ ಹಾಕಿಸಿ ಬೀಗ ಜಡಿದೆ.

ಮರುದಿನ ಮಧ್ಯಾಹ್ನ ಆಳುಗಳ ಮೇಸ್ತ್ರಿ ಗಿರಿಜಕ್ಕ ಚಾರ್ಮಾಡಿ ಘಾಟಿ ಕಡೆ ನೋಡಿ, “ಮೋಡ ಕಟ್ತಿದೆ ರೈಟ್ರೇ, ಕಾಫಿ ರಾಶಿ ಮಾಡನಾ?” ಎಂದರು. “ಜನವರೀಲಿ ಎಂಥ ಮಳೆ ಗಿರಿಜಕ್ಕಾ! ನಾನು ಹೇಳಿದಾಗ ಮಾಡಿದ್ರೆ ಸಾಕು” ಎಂದು ಅವರಿಗೆ ಕುದುರೆಯ ಕತೆ ಹೇಳತೊಡಗಿದೆ. ಇಟಲಿ ದಾಟುವಷ್ಟರಲ್ಲಿ ನನ್ನ ಬೋಳುತಲೆಗೆ ಮೊದಲ ಹನಿ ಬಿತ್ತು. ಜೇಬಿಗೆ ಕೈಹಾಕಿದೆ. ಬೀಗದಕೈ ಮನೆಯಲ್ಲಿ, ಒಗೆಯಲು ಹಾಕಿದ ಪ್ಯಾಂಟಿನಲ್ಲಿತ್ತು. ನಿಜ ಹೇಳುತ್ತೇನೆ, ಅಳುವೇ ಬಂತು.

ಗಿರಿಜಕ್ಕ ಸೊಂಟದಿಂದ ಇನ್ನೊಂದು ಬೀಗದಕೈ ತೆಗೆದರು. “ಹಳೇ ಸಾವ್ಕಾರ್ರು ಕೊಟ್ಟಿದ್ದು. ರೈಟ್ರುಗಳು ಬೀಗ ಹಾಕಿದಾಗೆಲ್ಲ ಬೇಕಾಗ್ತದೆ” ಎಂದರು. ತಿರುಗಿ ನೋಡಿದರೆ, ನಾನು ಇಟಲಿಯಲ್ಲಿದ್ದಾಗಲೇ ಹೆಂಗಸರು ಕಾಫಿಯನ್ನೆಲ್ಲ ರಾಶಿ ಎಳೆದಾಗಿತ್ತು. ಟಾರ್ಪಾಲು ಹೊರಬಂದ ಮೇಲೆ ಗಿರಿಜಕ್ಕ ಹೇಳಿದ್ದೇ ಮಾತು. “ಆ ತುದಿ ಹಿಡೀರಿ! ಓಡಿ ಮಾರಾಯ್ರೇ! ಹಾಂ, ಅಲ್ಲೇ ನಿಲ್ಲಿ!” ಓಡಿ ಎಂದಾಗ ಓಡಿದೆ, ನಿಲ್ಲಿ ಎಂದಾಗ ನಿಂತೆ. ಕಾಫಿ ಒಂದು ಕಾಳೂ ನೆನೆಯಲಿಲ್ಲ. ನಾನು ಪೂರ್ತಿ ನೆನೆದೆ.

ಸಂಜೆ ಸಾಹುಕಾರರ ಫೋನು ಬಂತು. “ಅಲ್ಲಿ ಮಳೆಯಂತಲ್ಲ ರೈಟ್ರೇ, ಮ್ಯಾನೇಜ್ ಆಯ್ತಾ?”

“ಚೆನ್ನಾಗೇ ಆಯ್ತು ಸಾರ್” ಎಂದೆ. ಸುಳ್ಳೇನೂ ಹೇಳಲಿಲ್ಲ. ಕುದುರೆ ಯಾರೆಂದು ಅವರು ಕೇಳಲೂ ಇಲ್ಲ.