ಸ್ಕ್ಯಾನರು ಮತ್ತು ನನ್ನ ಕೈಗುಣ

ನನ್ನ ಕೈಗುಣ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳುವುದು ಸಂಕೋಚದ ವಿಷಯವೇ, ಆದರೆ ಬೇರೆಯವರು ಹೇಳುವವರೆಗೂ ಕಾಯುವಷ್ಟು ತಾಳ್ಮೆ ನನಗಿಲ್ಲ. ಪಂಚನಹಳ್ಳಿಯಲ್ಲಿ ನನ್ನ ಭಾವಮೈದುನ ಬೋರ್‌ವೆಲ್ಲಿಗೆ ಮೋಟಾರು ಇಳಿಸಿದಾಗ ಮೊದಲು ಸ್ವಿಚ್ಚು ಒತ್ತಿದವನು ನಾನು. ನೀರು ಬಂತು. ಮೋಟಾರು ಇಳಿಸುವ ಮೊದಲೇ ಅಲ್ಲಿ ನೀರಿದ್ದದ್ದು ಎಲ್ಲರಿಗೂ ಗೊತ್ತಿತ್ತು ಎಂದು ನನ್ನ ಹೆಂಡತಿ ಇವತ್ತಿಗೂ ವಾದಿಸುತ್ತಾಳೆ. ಮನೆಯಲ್ಲಿ ಮಿಕ್ಸಿ ನಿಂತುಹೋದರೆ ನಾನು ಅದರ ನೆತ್ತಿಗೆ ಎರಡೇಟು ಹಾಕುತ್ತೇನೆ, ಅದು ತಿರುಗುತ್ತದೆ. "ನೀವು ಹೊಡೆದಿದ್ದಕ್ಕಲ್ಲ ಕಣ್ರೀ, ಕರೆಂಟ್ ಬಂತು" ಎನ್ನುತ್ತಾಳೆ. ಅವಳ ಜೊತೆ ವಾದಕ್ಕೆ ನಿಂತರೆ ಚಟ್ನಿ ಆಗುವುದಿಲ್ಲವಾದ್ದರಿಂದ ನಾನು ಸುಮ್ಮನಿದ್ದುಬಿಡುತ್ತೇನೆ.

ಹೀಗಿರುವಾಗ ಕಡೂರಿನಲ್ಲಿರುವ ನಮ್ಮ ವಿದ್ಯಾಸಂಸ್ಥೆಯ ಕಚೇರಿಗೆ ಹೊಸ ಸ್ಕ್ಯಾನರ್ ಬಂತು. ಅದನ್ನು ಕೂರಿಸುವ ಕೆಲಸ ಮ್ಯಾನೇಜರಾದ ನನ್ನ ಪಾಲಿಗೆ ಬಂತು ಎಂದರೆ ಸುಳ್ಳಾಗುತ್ತದೆ, ನಾನೇ ಎಳೆದುಕೊಂಡೆ. ಗುಮಾಸ್ತ ಬಸವರಾಜು ಪೆಟ್ಟಿಗೆಯಲ್ಲಿದ್ದ ಪುಸ್ತಕ ತೆಗೆದು ಓದತೊಡಗಿದ. "ಅದನ್ನ ಅತ್ಲಾಗಿಡಯ್ಯ, ಅದು ಗೊತ್ತಿಲ್ದೋರಿಗೆ ಕೊಡೋದು" ಎಂದೆ. ವೈರು ಯಾವ ತೂತಿಗೆ ಹೋಗುತ್ತದೋ ಅದೇ ಅದರ ಜಾಗ, ಇದಕ್ಕೆ ಪುಸ್ತಕ ಯಾಕೆ? ಪುಸ್ತಕ ಬರೆದವರಿಗೆ ತಿಳಿಯದ ಒಂದು ಸಂಗತಿ ನನಗೆ ತಿಳಿದಿತ್ತು. ಹೊಸ ಯಂತ್ರ ಪೂರ್ವಕ್ಕೆ ಮುಖ ಮಾಡಿ ಕೂರಬೇಕು. ನಮ್ಮ ಕಚೇರಿಯ ಪೂರ್ವಕ್ಕೆ ಗೋಡೆಯಿದೆ. ಕಾಗದ ಬೀಳುವಷ್ಟು ಜಾಗ ಬಿಟ್ಟು ಅದನ್ನು ಗೋಡೆ ನೋಡುವ ಹಾಗೆ ಕೂರಿಸಿದೆ. ಇನ್ನು ಮೇಲೆ ಯಾರೇ ಆಗಲಿ, ಅದರ ಮಗ್ಗುಲಲ್ಲಿ ನಿಂತು ಸೊಂಟ ತಿರುಗಿಸಿಕೊಂಡು ಕಾಗದ ಕೊಡಬೇಕು. ಪುಸ್ತಕದ ಚಿತ್ರದಲ್ಲಿ ಒಬ್ಬ ಹೆಂಗಸು ಯಂತ್ರದ ಎದುರಿಗೇ ಕೂತು ನಗುತ್ತಿದ್ದಳು. ಆಕೆಗೆ ದಿಕ್ಕಿನ ಚಿಂತೆ ಇದ್ದಂತೆ ಕಾಣಲಿಲ್ಲ.

ಆಮೇಲೆ ಪೂಜೆ. ಮೆಟ್ಟಿಲ ಮೇಲೆ ಕಾಯಿ ಒಡೆದೆವು, ಊದುಬತ್ತಿ ಹಚ್ಚಿದೆವು. ವಿಭೂತಿ ಹಚ್ಚುವಾಗ ಮಾತ್ರ ಯೋಚನೆಗೆ ಬಿದ್ದೆ. ಯಾವ ಯಂತ್ರಕ್ಕಾದರೂ ಹಣೆ ಎಂಬುದೊಂದು ಇರಬೇಕು. ಬಸ್ಸಿಗೆ ಮುಂದಿನ ಗಾಜಿನ ಮೇಲ್ಭಾಗ, ಬೀರುವಿಗೆ ಬೀಗದ ಮೇಲಿನ ಜಾಗ. ಸ್ಕ್ಯಾನರಿನ ಹಣೆ ಎಲ್ಲಿ? ಹೊರಗಡೆ ಎಲ್ಲಾ ಗುಂಡಿಗಳೇ ಇದ್ದವು. ಮುಚ್ಚಳ ತೆಗೆದು ನೋಡಿದರೆ ಒಳಗೆ ಬೆರಳಗಲದ ಒಂದು ಗಾಜಿನ ಪಟ್ಟಿ ಫಳಫಳ ಹೊಳೆಯುತ್ತಿತ್ತು. ಇಷ್ಟು ತೇಜಸ್ಸಿರುವುದು ಹಣೆಯೇ ಇರಬೇಕೆಂದು ತೀರ್ಮಾನಿಸಿ, ಮಗ್ಗುಲಲ್ಲಿ ನಿಂತೇ ಮೂರು ಬೆರಳಿನಲ್ಲಿ ವಿಭೂತಿ ಎಳೆದೆ. ಅಂದಿನಿಂದ ದಿನಾ ಬೆಳಿಗ್ಗೆ ನನ್ನ ಹಣೆಗೆ ಮನೆಯಲ್ಲಿ, ಅದರ ಹಣೆಗೆ ಕಚೇರಿಯಲ್ಲಿ ವಿಭೂತಿ, ತಪ್ಪಿಸಿದ್ದೇ ಇಲ್ಲ.

ಯಂತ್ರ ಸರಾಗವಾಗಿ ಓಡಿತು. ಕಾಗದದ ಕಟ್ಟು ಇಟ್ಟು ಗುಂಡಿ ಒತ್ತಿದರೆ ಒಂದೊಂದನ್ನೇ ಒಳಗೆಳೆದುಕೊಂಡು ಆ ಕಡೆ ಹಾಕುತ್ತಿತ್ತು. ಒಂದು ಸಂಗತಿ ಮಾತ್ರ ಇತ್ತು. ಕಂಪ್ಯೂಟರಿನಲ್ಲಿ ನೋಡಿದರೆ ಪ್ರತಿ ಪುಟದಲ್ಲೂ ಮೇಲಿನಿಂದ ಕೆಳಗಿನವರೆಗೆ ಮೂರು ಬೂದು ಗೆರೆ. ಬಸವರಾಜು ಕೇಳಿದ, "ಸಾರ್, ಇದೇನು ಈ ಗೆರೆ?" ಗೊತ್ತಿಲ್ಲ ಎಂದು ಹೇಳುವುದು ನನ್ನ ಹುದ್ದೆಗೆ ಒಪ್ಪುವ ಮಾತಲ್ಲ. "ನೋಟಿನಲ್ಲಿ ಗುರುತು ಇರಲ್ವೇನಯ್ಯ? ಯಾರೂ ಕಳ್ಳ ನಕಲು ಮಾಡ್ಬಾರ್ದು ಅಂತ ಕಂಪನಿಯೋರೇ ಹಾಕಿರೋದು" ಎಂದೆ. ಅವನು "ಹಂಗಾದ್ರೆ ಸರಿ ಬಿಡಿ ಸಾರ್" ಎಂದ. ಹೇಳಿದ ಮೇಲೆ ನನಗೂ ಅದು ನಿಜವೆನಿಸಿತು. ತರೀಕೆರೆ ಶಾಲೆಯ ಹೆಡ್ ಮಾಸ್ಟರು ಬಂದಾಗ ಅವರಿಗೂ ಈ ಗುರುತಿನ ಮಹಿಮೆಯನ್ನು ವಿವರಿಸಿ ಕಳಿಸಿದೆ.

ಹೀಗೆ ನೆಮ್ಮದಿಯಾಗಿದ್ದ ಒಂದು ಮಧ್ಯಾಹ್ನ ಶಾಂತಕುಮಾರಿ ಮೇಡಂ ಬಂದರು. ಲಕ್ಕವಳ್ಳಿಯ ನಮ್ಮ ಶಾಲೆಯಲ್ಲಿ ಗಣಿತ ಹೇಳುವವರು, ಮನೆ ಅಜ್ಜಂಪುರದಲ್ಲಿ. ದಿನಾ ತರೀಕೆರೆಯಲ್ಲಿ ಬಸ್ಸು ಬದಲಿಸಿ ಹೋಗಿಬರುತ್ತಾರೆ. ಅಜ್ಜಂಪುರದ ಶಾಲೆಯಲ್ಲಿ ಜಾಗ ಖಾಲಿಯಾಗಿತ್ತೆಂದು ವರ್ಗಾವಣೆಗೆ ಅರ್ಜಿ ಹಾಕಿದ್ದರು. ಅವರ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಬೆಂಗಳೂರಿನ ಕೇಂದ್ರ ಕಚೇರಿಗೆ ಕಳಿಸಿದವನು ನಾನೇ.

"ಸಾರ್, ನನ್ನ ದಾಖಲೆ ಎಲ್ಲಾ ಹೊಡೆದಾಕಿದೀರಂತಲ್ಲ?" ಎಂದು ಮೊಬೈಲು ಮುಂದಿಟ್ಟರು. ಕೇಂದ್ರ ಕಚೇರಿಯ ಉತ್ತರ ಅದರಲ್ಲಿತ್ತು: ಗೆರೆ ಎಳೆದು ರದ್ದುಪಡಿಸಿದ ದಾಖಲೆಗಳನ್ನು ಪರಿಗಣಿಸಲಾಗದು, ಸರಿಯಾದ ಪ್ರತಿಗಳನ್ನು ಇಂದು ಸಂಜೆ ಐದರೊಳಗೆ ಕಳಿಸುವುದು.

"ಇವತ್ತು ತಪ್ಪಿದ್ರೆ ಆ ಜಾಗ ಬೇರೆಯೋರಿಗೆ ಹೋಗುತ್ತೆ ಸಾರ್. ನಾನು ಹೊರಡುವಾಗ ಮಗಳು ಎದ್ದಿರಲ್ಲ, ವಾಪಸ್ ಹೋಗೋ ಹೊತ್ತಿಗೆ ನಿದ್ದೆಗಣ್ಣಲ್ಲಿರ್ತಾಳೆ. ನನ್ನನ್ನ ಭಾನುವಾರ ಬರೋ ನೆಂಟರು ಅಂದ್ಕೊಂಡಿದಾಳೆ" ಎಂದರು. ನಗುತ್ತಲೇ ಹೇಳಿದರು, ಆದರೆ ಕಣ್ಣು ಗಡಿಯಾರದ ಮೇಲಿತ್ತು. ಕಂಪನಿಯ ಗುರುತು ಎಂದು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ.

ಆದರೆ ಧೈರ್ಯ ಬಿಡಲಿಲ್ಲ. "ಕೂತ್ಕೊಳ್ಳಮ್ಮ, ನಾನಿದ್ದೀನಿ" ಎಂದೆ. ಯಂತ್ರ ಆರಿಸಿ ಮತ್ತೆ ಹಾಕಿದೆ, ಗೆರೆ ಹೋಗಲಿಲ್ಲ. ಮಿಕ್ಸಿಗೆ ಮಾಡುವ ಚಿಕಿತ್ಸೆಯನ್ನು ಇದಕ್ಕೂ ಮಾಡಿದೆ. ಊದುಬತ್ತಿಯ ಬೂದಿ ಉದುರಿತು, ಅಷ್ಟೇ. ಕೊನೆಗೆ ತರೀಕೆರೆಯ ರಿಪೇರಿಯವನಿಗೆ ಫೋನು ಮಾಡಿದೆ. "ಗಾಜು ನೋಡಿದ್ರಾ ಸಾರ್?" ಎಂದ. "ಗಾಜನ್ನ ದಿನಾ ಬೆಳಿಗ್ಗೆ ನಾನೇ ಕೈಯಾರೆ ನೋಡ್ಕೋತೀನಿ ಕಣಪ್ಪ" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. "ಹಂಗಾದ್ರೆ ಒಳಗೇನೋ ಹೋಗಿರ್ಬೇಕು, ನಾಳೆ ಬತ್ತೀನಿ" ಎಂದು ಫೋನಿಟ್ಟ.

ಗಡಿಯಾರ ನಾಲ್ಕು ದಾಟಿತ್ತು. ಮೇಡಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಆಗ ನನಗೊಂದು ಉಪಾಯ ಹೊಳೆಯಿತು. ಉದ್ದಕ್ಕೆ ಇಟ್ಟರೆ ತಾನೇ ಉದ್ದಕ್ಕೆ ಗೆರೆ? ಕಾಗದವನ್ನೇ ಅಡ್ಡಲಾಗಿ ಇಟ್ಟರೆ? ಅವರ ಫೋಟೋ ಅಂಟಿಸಿದ್ದ ಸೇವಾ ಪ್ರಮಾಣಪತ್ರವನ್ನು ಅಡ್ಡ ತಿರುಗಿಸಿ ಒಳಗೆ ಬಿಟ್ಟೆ. ಬಸವರಾಜು ಕಂಪ್ಯೂಟರಿನಲ್ಲಿ ಪುಟವನ್ನು ನೆಟ್ಟಗೆ ಮಾಡಿ ದೊಡ್ಡದು ಮಾಡಿದ.

ಮೂವರೂ ನೋಡಿದೆವು. ಫೋಟೋದಲ್ಲಿ ಶಾಂತಕುಮಾರಿ ಮೇಡಂ ಗಂಭೀರವಾಗಿ ಕೂತಿದ್ದರು. ಅವರ ಹಣೆಯ ಮೇಲೆ ಈ ಕಿವಿಯಿಂದ ಆ ಕಿವಿಯವರೆಗೆ ಮೂರು ಬೆಳ್ಳನೆಯ ಅಡ್ಡಗೆರೆ, ಸಾಲಾಗಿ, ಒಂದೇ ಅಳತೆಯಲ್ಲಿ.

ಮೇಡಂ ಆ ಹಣೆ ನೋಡಿದರು. ತಿರುಗಿ ನನ್ನ ಹಣೆ ನೋಡಿದರು. ಬಸವರಾಜು ಕಿಟಕಿಯ ಹೊರಗೆ ಏನೋ ಕಂಡವನಂತೆ ಆ ಕಡೆ ತಿರುಗಿಕೊಂಡ. ಮೇಡಂ ಎದ್ದು ಹೋಗಿ ಯಂತ್ರದ ಮುಚ್ಚಳ ತೆಗೆದರು. ಅಷ್ಟು ದಿನದ ನನ್ನ ಭಕ್ತಿ ಗಾಜಿನ ಮೇಲೆ ಪದರುಗಟ್ಟಿ ಕೂತಿತ್ತು.

"ಹಣೆ ಅಂದ್ಕೊಂಡಿದ್ದೆ ಕಣಮ್ಮ" ಎಂದೆ.

"ಇದು ಕಣ್ಣು ಸಾರ್" ಎಂದರು ಮೇಡಂ. "ದಿನಾ ಬೆಳಿಗ್ಗೆ ಅದರ ಕಣ್ಣಿಗೇ ಹಚ್ಚಿದೀರಿ."

ನನ್ನ ಕನ್ನಡಕದ ಬಟ್ಟೆಯನ್ನು ಒದ್ದೆ ಮಾಡಿ ಒರೆಸಿದೆ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿದೆ. ಪುಟಗಳು ತೊಳೆದ ಹಾಗೆ ಬಂದವು. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಎಲ್ಲವೂ ಹೋಗಿ ಸೇರಿತು. ಮೇಡಂ ಒಂದು ಉಸಿರು ಬಿಟ್ಟು, ನಮಸ್ಕಾರ ಹೇಳಿ ಬಸ್ಸಿಗೆ ಓಡಿದರು. ಅವರಿಗೆ ಅಜ್ಜಂಪುರಕ್ಕೆ ವರ್ಗವಾಯಿತು. ಈ ವಿಷಯವನ್ನು ಮನೆಯಲ್ಲಿ ಹೇಳಿ, "ನೋಡು, ಒರೆಸಿದ್ದು ಯಾರ ಕೈ?" ಎಂದೆ. "ಬಳಿದಿದ್ದು ಯಾರ ಕೈ?" ಎಂದಳು ಹೆಂಡತಿ. ಕರೆಂಟ್ ಹೋಗಿದ್ದರಿಂದ ಮಾತು ಅಲ್ಲಿಗೇ ನಿಂತಿತು.

ಈಚೆಗೆ ಅಜ್ಜಂಪುರದ ಶಾಲೆಗೂ ಒಂದು ಸ್ಕ್ಯಾನರ್ ಕೊಟ್ಟಿದ್ದಾರೆ. ಶಾಂತಕುಮಾರಿ ಮೇಡಂ ಫೋನು ಮಾಡಿದ್ದರು. "ಸಾರ್, ನೀವೇ ಬಂದು ಕೂರಿಸಿಕೊಡಿ. ನಿಮ್ಮ ಮೇಲೆ ನಂಬಿಕೆ ಇದೆ. ಬರುವಾಗ ಕೈ ಮಾತ್ರ ತೊಳ್ಕೊಂಡು ಬನ್ನಿ" ಎಂದರು. ಹಿಂದಿನಿಂದ ಒಂದು ಪುಟ್ಟ ಮಗು "ಅಮ್ಮಾ, ಬಾ" ಎಂದು ಕರೆಯುತ್ತಿತ್ತು. ಕೇಳಿ ಖುಷಿಯಾಯಿತು.

ಇವತ್ತು ಬೆಳಿಗ್ಗೆ ಅಜ್ಜಂಪುರದ ಬಸ್ಸು ಹತ್ತಿದ್ದೇನೆ. ಸೋಪು ಹಾಕಿ ಕೈ ತೊಳೆದುಕೊಂಡಿದ್ದೇನೆ, ಹೆಂಡತಿಯೇ ಸಾಕ್ಷಿ. ಅವಳ ಕಣ್ಣು ತಪ್ಪಿಸಿ ವಿಭೂತಿಗಟ್ಟಿಯೊಂದನ್ನು ಜೇಬಿಗೆ ಹಾಕಿಕೊಂಡಿದ್ದೇನೆ. ಕಣ್ಣು ಎಲ್ಲಿದೆ ಎಂದು ಈಗ ಗೊತ್ತಾಗಿದೆ. ಹಣೆ ಅದರ ಆಸುಪಾಸಿನಲ್ಲೇ ಎಲ್ಲೋ ಇರಬೇಕು.