ನಾಲೊಂಗೊಳ ಹಸು ಮತ್ತು ನನ್ನ ಗ್ಯಾಸು

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಾನು ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಗ್ಯಾಸ್ ಒಲೆಗೆ ಕಡ್ಡಿ ಗೀರುತ್ತಿದ್ದೆ. ಅದು ಮಗಳು ನಮ್ಯಾಲೊಳ ನಿಶ್ಚಯದ ದಿನ. ನಮ್ಮ ಮಸಾಕ ಊರಿನಲ್ಲಿ ಮೊಟ್ಟಮೊದಲ ಬಾರಿಗೆ ಬೀಗರ ಊಟ ಬಾಳೆ ಸಿಪ್ಪೆಯ ಗ್ಯಾಸಿನಲ್ಲಿ ಬೇಯುತ್ತದೆಂದು ರಸಾಯನಶಾಸ್ತ್ರದ ಮೇಷ್ಟ್ರಾದ ನಾನು ಘೋಷಿಸಿದ್ದೆ. ನಮ್ಮ ತೋಟದ್ದೇ ಬಾಳೆಕಾಯಿ, ಅದರದೇ ಸಿಪ್ಪೆ, ಅದರದೇ ದಿಂಡು. ತನ್ನ ಚಿತೆಗೆ ತಾನೇ ಸೌದೆ ಹೊರುವ ಬೆಳೆ ಬೇರೆ ಯಾವುದಿದೆ!

ನಮ್ಮಲ್ಲಿ ಸಿಪ್ಪೆಯನ್ನು ಯಾರೂ ಎಸೆಯುವುದಿಲ್ಲ. ಅದು ಹಸು ಕಟ್ಟಿದ ನೆರೆಮನೆಗೆ ಹೋಗುತ್ತದೆ. ಅಲ್ಲಿಂದ ಹಾಲೂ ಸೆಗಣಿಯೂ ಬರುತ್ತವೆ. ನಮ್ಮ ನೆರೆಯವಳು ವಿಧವೆ. ಅವಳಿ ಹೆತ್ತವಳಾದ್ದರಿಂದ ಊರಿಗೆಲ್ಲ ನಾಲೊಂಗೊ. ಅವಳು ಕೊಟ್ಟ ಸೆಗಣಿಯಿಂದಲೇ ನನ್ನ ಗ್ಯಾಸ್ ತೊಟ್ಟಿಗೆ ಹೆಪ್ಪು ಹಾಕಿದೆ. ಗ್ಯಾಸು ಹತ್ತಿಕೊಂಡ ದಿನವೇ ಅವಳಿಗೆ ಸಿಪ್ಪೆ ಕೊಡುವುದನ್ನು ನಿಲ್ಲಿಸಿದೆ.

ಈಗ ಬರೀ ಸಿಪ್ಪೆ ನುಂಗಿ ತೊಟ್ಟಿ ಹುಳಿಯಾಗಿ, ಗ್ಯಾಸು ಬರುವುದೇ ನಿಂತಿತ್ತು. ಅದ್ದಿದ ಲಿಟ್ಮಸ್ ಕೆಂಪಾಯಿತು. ನನ್ನ ಹೆಂಡತಿ ಕೆಜಿಯಾಳ ಮುಖ ಅದಕ್ಕೂ ಮೊದಲೇ ಕೆಂಪಾಗಿತ್ತು.

“ನಮ್ಯಾಲೊ ಅಪ್ಪ, ಬಾಳೆಕಾಯಿ ಯಾವಾಗ ಬೇಯುತ್ತೆ?”

“ಒಂದಿಷ್ಟು ಸೆಗಣಿ ಬಿದ್ದರೆ ಸರಿಹೋಗುತ್ತೆ. ಒಂದು ವಾರ ಬೇಕು.”

“ಹಾಗಾದ್ರೆ ಬೀಗರನ್ನ ಒಂದು ವಾರ ಗೇಟಲ್ಲೇ ನಿಲ್ಲಿಸಿ. ಅಳಿಯನ ಎಲೆಗೆ ಹಸಿಕಾಯಿ ಬಿದ್ರೆ, ಮಗಳನ್ನೂ ನಿಮ್ಮ ತೊಟ್ಟಿಗೇ ಹಾಕ್ಬೇಕಾಗುತ್ತೆ.”

ಬಾಳೆ ಎಲೆ ಸುತ್ತಿದ ಕಾಯಿಯ ಗಂಟುಗಳನ್ನು ಹೊತ್ತು ಅವಳು ಬೇಲಿ ದಾಟಿದಳು. ನಾನೂ ಹಿಂದೆ ಹೋದೆ. ನಾಲೊಂಗೊ ಮೂರು ಕಲ್ಲು ಹೂಡಿ ಬೆಂಕಿ ಹಚ್ಚಿದಳು. ಕೊಟ್ಟಿಗೆ ಖಾಲಿಯಿತ್ತು.

“ಹಸು ಎಲ್ಲಿ?”

“ಮಾರಿದೆ ಮೇಷ್ಟ್ರೇ. ಹೊಟ್ಟೆಗಿಲ್ಲದ್ದನ್ನ ಕಟ್ಟಿಕೊಂಡು ಏನು ಮಾಡ್ಲಿ? ಮಕ್ಕಳೂ ಈಗ ಹಾಲು ಕೇಳೋದು ಬಿಟ್ಟಿವೆ.”

ಊಟ ಹೊತ್ತಿಗೆ ಸರಿಯಾಗಿ ಬೆಂದಿತು. ನನ್ನ ಮಾನ ಉಳಿಸಿದ್ದು ಅವಳ ಸೌದೆ. ಬೀಗರು ಉಡುಗೊರೆ ಹೊತ್ತು ಬಂದರು. ಕೊನೆಯಲ್ಲಿ, ವಧುದಕ್ಷಿಣೆಯೆಂದು, ಕೊಂಬಿಗೆ ರಿಬ್ಬನ್ ಕಟ್ಟಿದ ಹಸು. ಅದು ಅಂಗಳಕ್ಕೆ ಕಾಲಿಟ್ಟದ್ದೇ ಬಡಿಸುವ ಹೆಂಗಸರ ನಡುವೆ ನುಗ್ಗಿ ನಾಲೊಂಗೊಳ ಭುಜ ನೆಕ್ಕಿತು.

“ಸಂತೇಲಿ ಕೊಂಡ್ವಿ. ಬಡಕಲು, ಆದ್ರೆ ಸಾಧು,” ಅಂದರು ಹಿರಿಯ ಬೀಗರು.

ಸಾಧು ಪ್ರಾಣಿ ತೊಟ್ಟಿಯ ಪಕ್ಕದ ಸಿಪ್ಪೆ ರಾಶಿಗೆ ಬಾಯಿ ಹಾಕಿತು. ತಡೆಯಲು ನನಗೆ ಕೈ ಬರಲಿಲ್ಲ.

“ಹೊಡೆದುಕೊಂಡು ಹೋಗಿ, ನಾಲೊಂಗೊ. ನಿಮ್ಮದೇ ತಾನೆ,” ಅಂದೆ ಮೆಲ್ಲಗೆ.

“ಹೆಣ್ಣಿಗೆ ಬಂದ ಹಸು ಬೇಲಿ ದಾಟಬಾರದು. ನಿಮಗೆ ನಾನು ಹೇಳ್ಬೇಕಾ?” ಅವಳು ಅದರ ಕತ್ತು ಸವರಿದಳು. “ಸಿಪ್ಪೆ ನಿಲ್ಲಿಸಿದ ದಿನ ಏನೋ ಲೆಕ್ಕ ಹೇಳಿದ್ರಲ್ಲ, ಇದು ತಿಂದದ್ದರಲ್ಲಿ ಎಷ್ಟು ಸೆಗಣಿ ಮಾಡಿ ದಂಡ ಮಾಡುತ್ತೆ ಅಂತ? ಬೀಗರಿಗೂ ಹೇಳಿ.”

ಹಸು ಬಾಲ ಎತ್ತಿತು. ತೊಟ್ಟಿಗೆ ಬೇಕಾದದ್ದು ಅದೇ. ಬಿಳಿ ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಎರಡು ಮನೆತನಗಳ ಎದುರು ನಾನು ಬುಟ್ಟಿ ಒಡ್ಡಿದೆ.  ಸಿಪ್ಪೆ ನಿಲ್ಲಿಸಿದ ದಿನ ಬೀದಿಗೆಲ್ಲ ಕೇಳುವಂತೆ ಹೇಳಿದ್ದೆ: ತಿಂದದ್ದರಲ್ಲಿ ನೂರಕ್ಕೆ ನಲವತ್ತು ಪಾಲು ದಂಡ.