ನೀರಿಲ್ಲದ ಕೆರೆಗೊಂದು ಕಾಯಿದೆ

ಕಾನೂನು ಸರಿಪಡಿಸುತ್ತೇವೆ ಎಂದು ಯಾರಾದರೂ ಭಾಷಣ ಶುರು ಮಾಡಿದರೆ ನನಗೆ ಆಕಳಿಕೆ ಬರುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅದಕ್ಕೂ ತ್ರಾಣವಿಲ್ಲ. ಚಿತ್ರದುರ್ಗ ಜಿಲ್ಲೆಯ ಕಚೇರಿಗಳಲ್ಲಿ ಗುಮಾಸ್ತನಾಗಿ ಸವೆದುಹೋದವನು ನಾನು. ಇಂಥ ಸುಧಾರಣೆ ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದು ನಿಲ್ಲುತ್ತದೆ. ಎಲ್ಲ ಹೇಳುತ್ತಾ ಕೂತರೆ ಕೇಳುವವರೂ ರಿಟೈರಾಗಬೇಕಾದೀತು. ಅದಕ್ಕೇ ಒಬ್ಬ ಕುರಿಗಾಹಿಯ ಒಂದೇ ಒಂದು ಅರ್ಜಿಯ ಪಾಡು ಮಾತ್ರ ಹೇಳುತ್ತೇನೆ. ನನಗೆ ಎಲ್ಲಿಗೆ ವರ್ಗವಾದರೂ ಅದು ನನ್ನ ಬೆನ್ನು ಬಿಡಲಿಲ್ಲ.

೧. ಹೊಸದುರ್ಗ: ಸರ್ಕ್ಯುಲರ್ ಬಂದಿಲ್ಲ

ಆಗ ಸ್ವಾತಂತ್ರ್ಯ ಬಂದ ಹೊಸತು. ತಾಲ್ಲೂಕು ಕಚೇರಿಯ ಮುಂದೆ ಬಾವುಟ ಹಾರಿಸಿ, ಬೂಂದಿ ಹಂಚಿ, ಎಲ್ಲರೂ ಇನ್ನೂ ಅದೇ ಗುಂಗಿನಲ್ಲಿದ್ದೆವು. ಮತ್ತೋಡಿನ ಕಡೆಯ ಒಬ್ಬ ಕುರಿಗಾಹಿ ಹೆಗಲಿಗೆ ಕಂಬಳಿ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತ. ಹೆಚ್ಚುಕಮ್ಮಿ ನನ್ನದೇ ವಯಸ್ಸು.

ಅವನ ತಾಪತ್ರಯ ಇದು. ಅವನ ಊರ ಪಕ್ಕ ಒಂದು ಕೆರೆ. ಅವನಜ್ಜನ ಕಾಲದಲ್ಲೇ ಹೂಳು ತುಂಬಿ, ತೂಬು ಒಡೆದು, ನೀರು ನಿಲ್ಲುವುದೇ ಬಿಟ್ಟಿತ್ತು. ಕೆರೆಯ ಅಂಗಳದಲ್ಲಿ ಜನ ಜೋಳ ಬೆಳೆಯುತ್ತಿದ್ದರು. ಏರಿ ಮಾತ್ರ ಗಟ್ಟಿಯಾಗಿತ್ತು. ಏರಿಯ ಮೇಲೆ ಹೋದರೆ ಆಚೆಯ ಗೋಮಾಳ ಕೂಗಳತೆಯಲ್ಲಿ ಸಿಗುತ್ತಿತ್ತು. ಆದರೆ ಕುರಿ ತುಳಿದು ಏರಿ ಸಡಿಲವಾಗಬಾರದು ಎಂದು ಮಹಾರಾಜರ ಕಾಲದಲ್ಲಿ ಒಂದು ಕಾಯಿದೆ ಮಾಡಿದ್ದರು. ಅದನ್ನು ಜಾರಿ ಮಾಡಲು, ಕೆರೆಯ ನೀರು ನೋಡಿಕೊಳ್ಳುವ ಸಂಬಳದ ನೀರಗಂಟಿಯೂ ಇದ್ದ. ನೀರಂತೂ ಇರಲಿಲ್ಲ, ಆದ್ದರಿಂದ ಅವನು ಪೂರ್ತಿ ಗಮನವನ್ನು ಕುರಿಗಳ ಮೇಲೆ ಇಟ್ಟಿದ್ದ. ಏರಿ ಹತ್ತಿದ ಕುರಿಗಳನ್ನು ದೊಣ್ಣೆಯಿಂದ ಬಡಿದು ಇಳಿಸುತ್ತಿದ್ದ, ಇಲ್ಲವೇ ಹಿಡಿದು ಸರ್ಕಾರಿ ದೊಡ್ಡಿಗೆ ಕೂಡುತ್ತಿದ್ದ. ಹೀಗಾಗಿ ಕುರಿಗಾಹಿ ಹಳ್ಳದ ದಾರಿ ಸುತ್ತಿಕೊಂಡು ಹೋಗಬೇಕು. ಹಳ್ಳದ ಪೊದೆಗಳಲ್ಲಿ ತೋಳ. ವರ್ಷವೂ ಮರಿಗಳು ಹೋಗುತ್ತಿದ್ದವು.

"ಸ್ವಾಮಿ, ಸ್ವಾತಂತ್ರ್ಯ ಬಂದೈತಂತೆ. ಇನ್ಮೇಲೆ ಏರಿ ಮೇಲೆ ಕುರಿ ಹೊಡ್ಕಂಡು ಹೋಗ್ಬೋದಾ?" ಎಂದ.

ಹೆಡ್ ಗುಮಾಸ್ತರು ಕನ್ನಡಕ ಮೂಗಿನ ತುದಿಗೆ ಇಳಿಸಿ ಅವನನ್ನು ನೋಡಿದರು.

"ಬಂದಿರೋದು ಮನುಷ್ಯರಿಗೆ ಕಣಪ್ಪ. ಕುರಿಗಳ್ಗೂ ಬಂದೈತೆ ಅಂತ ನಮಗಿನ್ನೂ ಸರ್ಕ್ಯುಲರ್ ಬಂದಿಲ್ಲ."

೨. ಹೊಳಲ್ಕೆರೆ: ತುಂಬಿದಾಗ ಹೇಳಿಕಳಿಸು

ಅವತ್ತು ಅವನಿಗೆ ಅರ್ಜಿ ಬರೆದುಕೊಟ್ಟವನು ನಾನೇ. ಹೊಸ ಸರ್ಕಾರ, ನಮ್ಮದೇ ಜನ, ಹದಿನೈದು ದಿನದಲ್ಲಿ ಆಗಿಬಿಡುತ್ತದೆ ಎಂದು ಧೈರ್ಯವನ್ನೂ ಹೇಳಿದ್ದೆ. ಅಮಲ್ದಾರರು ಹೋಗಿ ತಹಸೀಲ್ದಾರರು ಬಂದರು. ಬೋರ್ಡು ಬದಲಾಯಿತು, ಕುರ್ಚಿ ಅದೇ ಇತ್ತು. ನಾನು ಹೊಳಲ್ಕೆರೆಗೆ, ಕೆರೆ ಕಾಲುವೆ ನೋಡಿಕೊಳ್ಳುವ ಎಂಜಿನಿಯರರ ಕಚೇರಿಗೆ ಬಂದೆ. ಒಂದು ದಿನ ಟಪಾಲು ಒಡೆದು ನೋಡಿದರೆ ನನ್ನದೇ ಅಕ್ಷರ! ಕೆರೆ ಉಪಯೋಗದಲ್ಲಿಲ್ಲ ಎಂದು ಎಂಜಿನಿಯರು ಬರೆದುಕೊಟ್ಟರೆ ಕಾಯಿದೆ ತೆಗೆಯಬಹುದು ಎಂದು ಮೇಲಿನವರು ಷರಾ ಹಾಕಿದ್ದರು.

ಜೀಪು ಹೊರಟಿತು. ಕುರಿಗಾಹಿ ಊರ ಬಾಗಿಲಲ್ಲೇ ಕಾಯುತ್ತಿದ್ದ. "ಬರ್ರಿ ಸಾರ್, ಬರ್ರಿ" ಎಂದು ದಾರಿಯ ಮುಳ್ಳನ್ನೆಲ್ಲ ಕಾಲಿನಿಂದ ಸರಿಸುತ್ತಾ ಮುಂದೆ ಓಡಿದ. ಎಂಜಿನಿಯರು ಏರಿಯ ಮೇಲೆ ನಿಂತು, ಎದೆಯೆತ್ತರದ ಜೋಳವನ್ನು ನೋಡಿ ಕೇಳಿದರು.

"ನೀರೆಲ್ಲಿ?"

"ನೀರಿಲ್ಲ ಅಂತ್ಲೇ ಸಾರ್ ಅರ್ಜಿ ಕೊಟ್ಟಿರಾದು."

"ಅದು ಹಂಗಲ್ಲಪ್ಪ. ಕೆರೆ ತುಂಬಿದಾಗ ಏರಿ ಮೇಲೆ ಎಷ್ಟು ಒತ್ತಡ ಬೀಳುತ್ತೆ ಅಂತ ಅಳೀಬೇಕು. ಅಳೀದೆ ನಾನು ಏನೂ ಬರೆಯೋಕಾಗಲ್ಲ. ತುಂಬಿದಾಗ ಹೇಳಿಕಳ್ಸು, ಖಂಡಿತ ಬರ್ತೀನಿ."

ಜೀಪು ತಿರುಗಿತು. ನಾನು ಹತ್ತುವಾಗ ಕುರಿಗಾಹಿ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದ.

"ಕೆರೆ ತುಂಬಂಗಿದ್ರೆ ನಾನ್ಯಾಕೆ ಸ್ವಾಮಿ ಕುರಿ ಕಾಯ್ತಿದ್ದೆ? ಭತ್ತ ಹಾಕ್ಕಂಡು ಮನೇಲಿ ಕುಂತಿರ್ತಿದ್ದೆ."

೩. ಹಿರಿಯೂರು: ಕೆಲಸದ ಹೊರೆ

ಮುಂದೆ ಒಂದು ಸರ್ಕಾರ ಬಂದು, ಬೇಡದ ಕಾಯಿದೆಗಳನ್ನೂ ಬೇಡದ ಹುದ್ದೆಗಳನ್ನೂ ಕಿತ್ತುಹಾಕಿ ಎಂದು ಅಪ್ಪಣೆ ಮಾಡಿತು. ಆಗ ನಾನು ಹಿರಿಯೂರಿನಲ್ಲಿದ್ದೆ. ಸುತ್ತಲ ತಾಲ್ಲೂಕುಗಳಿಗೆಲ್ಲ ಸೇರಿಸಿ ಅಲ್ಲೇ ಪ್ರವಾಸಿ ಬಂಗಲೆಯಲ್ಲಿ ಸಭೆ ಇಟ್ಟರು. ಹೆದ್ದಾರಿಯ ಊರು, ಸಭೆ ಬೇಗ ಮುಗಿದರೆ ಬೆಂಗಳೂರು ಬಸ್ಸು ಹಿಡಿಯಬಹುದು ಎಂಬುದೊಂದೇ ಕಾರಣ.

ಎಳನೀರು ಕುಡಿಯುತ್ತಾ ಒಬ್ಬೊಬ್ಬರೇ ಎದ್ದು ಮಾತಾಡಿದರು. ನಮ್ಮ ಇಲಾಖೆಯಲ್ಲಿ ಬೇಡದ್ದು ಅಂತ ಯಾವುದೂ ಇಲ್ಲ, ಪಕ್ಕದ ಇಲಾಖೆಯಲ್ಲಿ ಬೇಕಾದಷ್ಟಿವೆ ಎಂಬುದು ಎಲ್ಲರ ಅಭಿಪ್ರಾಯ. ನನಗೆ ತಡೆಯಲಾಗದೆ, ನೀರಿಲ್ಲದ ಕೆರೆಗೊಬ್ಬ ನೀರಗಂಟಿ ಇದ್ದಾನೆ ಎಂದು ಹಿಂದಿನ ಸಾಲಿನಿಂದ ಹೇಳಿಬಿಟ್ಟೆ. ಸಭೆ ನಡೆಸುತ್ತಿದ್ದ ಸಾಹೇಬರಿಗೆ ಖುಷಿಯಾಯಿತು. ಆ ನೀರಗಂಟಿಯನ್ನು ಕರೆಸಿ, ಮಧ್ಯಾಹ್ನದ ಮೇಲೆ ಮತ್ತೆ ಕೂತೇ ಬಿಟ್ಟರು. ಕುರಿಗಾಹಿಯೂ ನೀರಗಂಟಿ ಬಂದ ಬಸ್ಸಿನಲ್ಲೇ ಬಂದು ಹೊರಗೆ ಜಗುಲಿಯ ಮೇಲೆ ಕೂತಿದ್ದ.

"ನೀರೇ ಇಲ್ಲದ ಮೇಲೆ ನಿನಗೇನಯ್ಯಾ ಕೆಲಸ?" ಎಂದರು ಸಾಹೇಬರು.

"ಅಯ್ಯೋ, ನೀರಿಲ್ದಿದ್ದಕ್ಕೇ ಸಾರ್ ಕೆಲಸ ಜಾಸ್ತಿ! ನೀರಿದ್ದಿದ್ರೆ ತೂಬಿನ ತಾವ ಒಂದು ಕಡೆ ಕುಂತಿರ್ತಿದ್ದೆ. ಈಗ ಈ ತುದಿಯಿಂದ ಅಟ್ಟಿದ್ರೆ ಕುರಿ ಆ ತುದಿಯಿಂದ ಹತ್ತತವೆ. ಓಡಿ ಓಡಿ ಮೊಣಕಾಲು ಹೋಗೈತೆ, ನೋಡ್ರಿ" ಎಂದು ಪಂಚೆ ಎತ್ತಿ ತೋರಿಸಿದ.

ಸಭೆಗೆ ಸಭೆಯೇ ಮರುಗಿತು. ಆ ದಿನ ಒಮ್ಮತದಿಂದ ಆದದ್ದು ಒಂದೇ ತೀರ್ಮಾನ: ನೀರಗಂಟಿಗೆ ಒಬ್ಬ ಸಹಾಯಕನನ್ನು ಕೊಡುವುದು.

೪. ದುರ್ಗ, ಆಮೇಲೆ ಏರಿ

ನನ್ನ ತಲೆ ನೆರೆಯಿತು. ಕುರಿಗಾಹಿಯ ತಲೆಯೂ ನೆರೆಯಿತು. ರಾಜ್ಯದ ಹೆಸರು ಕೂಡ ಬದಲಾಯಿತು. ನಾನು ದುರ್ಗದ ದೊಡ್ಡ ಕಚೇರಿಗೆ ಬಂದೆ. ಅಲ್ಲಿಗೊಬ್ಬ ಹೊಸ ಸಾಹೇಬರು ಬಂದರು. ಎಳೆಯ ವಯಸ್ಸು, ಎಲ್ಲವನ್ನೂ ತಿದ್ದುವ ಹುಮ್ಮಸ್ಸು. ಹುಮ್ಮಸ್ಸು ತಣ್ಣಗಾಗುವ ಮೊದಲೇ ಆ ಫೈಲನ್ನು ಅವರ ಮುಂದಿಟ್ಟೆ.

"ಇಷ್ಟಕ್ಕೆ ಇಷ್ಟು ವರ್ಷ ಬೇಕಾಯ್ತೇನ್ರೀ?" ಎಂದವರೇ ಕಾಯಿದೆಯನ್ನು ರದ್ದು ಮಾಡಿ ರುಜು ಹಾಕಿದರು.

ನಾನು ಹೊರಗೆ ಬಂದು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ನನ್ನ ನೌಕರಿಯಲ್ಲಿ ಒಬ್ಬರಿಗಾದರೂ ಒಳ್ಳೆಯದು ಆಯಿತಲ್ಲ ಎನ್ನಿಸಿತ್ತು. ಸುದ್ದಿ ಕೇಳಿದ ಕುರಿಗಾಹಿ ನನ್ನ ಎರಡೂ ಕೈ ಹಿಡಿದುಕೊಂಡ. "ಈ ವರ್ಷ ಒಂದು ಮರೀನೂ ತೋಳಕ್ಕೆ ಕೊಡಾದಿಲ್ಲ ಸಾರ್" ಎಂದ.

ಮೊದಲ ಮಂದೆ ಏರಿ ದಾಟುವುದನ್ನು ಕಣ್ಣಾರೆ ನೋಡಬೇಕೆಂದು ಸಾಹೇಬರಿಗೆ ಆಸೆಯಾಯಿತು. ಏರಿಯ ಬಾಯಿಗೆ ಮಾವಿನ ತೋರಣ ಕಟ್ಟಿ, ಒಂದು ರಿಬ್ಬನ್ನು ಎಳೆದರು. ರಿಬ್ಬನ್ನಿನ ಒಂದು ತುದಿ ನೀರಗಂಟಿಯ ಕೈಯಲ್ಲಿ, ಇನ್ನೊಂದು ಅವನ ಸಹಾಯಕನ ಕೈಯಲ್ಲಿ. ಫೋಟೋದವನೂ ಬಂದಿದ್ದ. ಸಾಹೇಬರು ರಿಬ್ಬನ್ನು ಕತ್ತರಿಸಿ ಪಕ್ಕಕ್ಕೆ ಸರಿದರು. ಜನ ಚಪ್ಪಾಳೆ ತಟ್ಟಿದರು.

ಮುಂದಾಳು ಕುರಿ ಏರಿಯ ಬುಡಕ್ಕೆ ಬಂದು ನಿಂತಿತು. ಒಮ್ಮೆ ತಲೆಯೆತ್ತಿ ಏರಿಯನ್ನು ನೋಡಿತು. ಎಡಕ್ಕೆ ತಿರುಗಿ ಹಳ್ಳದ ದಾರಿ ಹಿಡಿಯಿತು. ಮಂದೆಗೆ ಮಂದೆಯೇ ಅದರ ಹಿಂದೆ ಹೊರಟಿತು.

"ಲೇ ಲೇ! ಈ ಕಡೆ ಬರ್ರಲೇ! ಬಿಟ್ಟವ್ರೆ ಕಣ್ರಲೇ!" ಎಂದು ಕುರಿಗಾಹಿ ಕೂಗಿದ. ಕುರಿಗಳು ಕಿವಿಗೇ ಹಾಕಿಕೊಳ್ಳಲಿಲ್ಲ. ಸಾಹೇಬರ ಮುಖ ಕೆಂಪಾದದ್ದು ನೋಡಿ ನೀರಗಂಟಿ ತಾನೇ ಅಡ್ಡ ಹಾಕಿ ಏರಿ ಹತ್ತಿಸುತ್ತೇನೆಂದು ದೊಣ್ಣೆ ಹಿಡಿದು ಓಡಿದ. ಇವನು ದೊಣ್ಣೆ ಹಿಡಿದು ಬರುವುದನ್ನು ಕಂಡದ್ದೇ ತಡ, ನಡೆಯುತ್ತಿದ್ದ ಕುರಿಗಳು ದಿಕ್ಕಾಪಾಲಾಗಿ ಓಡಿ ಹಳ್ಳಕ್ಕೆ ಧುಮುಕಿದವು.

ಖಾಲಿ ಏರಿಯ ಮೇಲೆ ತೋರಣದ ಕೆಳಗೆ ಸಾಹೇಬರು ಒಬ್ಬರೇ ನಿಂತಿದ್ದರು. ನನ್ನನ್ನು ಕರೆದರು.

"ಬರ್ಕೊಳ್ರೀ. ಈ ಊರಿನ ಕುರಿಗಳು ಇನ್ನು ಮುಂದೆ ಕಡ್ಡಾಯವಾಗಿ ಏರಿಯ ಮೇಲೇ ಹೋಗತಕ್ಕದ್ದು. ಹಳ್ಳದಲ್ಲಿ ಕಂಡುಬಂದರೆ ಇಡೀ ಮಂದೆಯನ್ನು ಹಿಡಿದು ದೊಡ್ಡಿಗೆ ಕೂಡತಕ್ಕದ್ದು."

ಏದುಸಿರು ಬಿಡುತ್ತಾ ಬಂದ ಕುರಿಗಾಹಿಗೆ ಅಷ್ಟೂ ಕೇಳಿಸಿತು. ಕಂಬಳಿಯನ್ನು ಹೆಗಲಿನಿಂದ ತೆಗೆದು ಕೆಳಗಿಟ್ಟು, ಸಾಹೇಬರಿಗೆ ಕೈ ಮುಗಿದ.

"ನಿಮ್ಮ ದಮ್ಮಯ್ಯ ಅಂತೀನಿ ಸಾರ್, ಹಳೇ ಕಾಯ್ದೇನೇ ವಾಪಸ್ ಕೊಟ್ಬಿಡ್ರಿ. ತೋಳ ಆದ್ರೆ ಒಂದೊಂದೇ ಮರಿ ತಿಂತಿತ್ತು."